ನೀಲಿ ತಾಟಿನ ಮೇಲಿನ ಬರಹ

ರಾಯಚೂರಿನಲ್ಲಿ ಶಿಕ್ಷಕರಿಗೆಂದು ಎರಡು ದಿನದ ಇತಿಹಾಸ ಶಿಬಿರ ಇತ್ತು. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಇತಿಹಾಸದ ಮೇಷ್ಟ್ರ ಮನೆಯಲ್ಲಿ ಅದೇ ವಾರ ಮದುವೆ ಬಂದದ್ದರಿಂದ ಅವರ ಬದಲಿಗೆ ನನ್ನನ್ನು ಕಳಿಸಿದ್ದರು. ಎರಡನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಕೋಟೆಗೆ ಕರೆದುಕೊಂಡು ಹೋದರು. ಮೈಸೂರು ಕಡೆಯಿಂದ ಬಂದಿದ್ದ ಸಂಶೋಧಕಿಯೊಬ್ಬರು ನಮಗೆ ಎಲ್ಲವನ್ನೂ ತೋರಿಸುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಹಳೆಯ ಮಡಕೆ ಪಿಂಗಾಣಿಗಳ ಮೇಲೆ ಕೆಲಸ ಮಾಡಿದವರು. ಅವರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು.

ನೆರಳು ಸಿಕ್ಕ ಕಡೆ ಕೂತಾಗ ಮೇಡಂ ಒಂದು ತಗಡಿನ ಡಬ್ಬಿ ತೆರೆದು, ಹತ್ತಿಯಲ್ಲಿ ಸುತ್ತಿದ್ದ ಬಿಳಿ ಚೂರುಗಳನ್ನು ನಮ್ಮ ಕೈಗೆ ಕೊಟ್ಟರು. ಬಿಳಿಯ ಮೇಲೆ ನೀಲಿ ಗೀಟುಗಳು.

"ಇವೇನಿರಬಹುದು, ಹೇಳಿ ನೋಡೋಣ."

"ಕಪ್ ಸಾಸರ್ ಒಡದಿದ್ದು ಇರಬೇಕ್ರಿ ಮೇಡಂ," ಎಂದ ಲಿಂಗಸುಗೂರು ಕಡೆಯ ಒಬ್ಬ ಮೇಷ್ಟ್ರು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, ಇವು ನೂರಾರು ವರ್ಷಗಳ ಹಿಂದೆ ಚೀನಾದಲ್ಲಿ ಸುಟ್ಟು, ಹಡಗು ತುಂಬಿಸಿ ಹೊರದೇಶಗಳಿಗೆ ಮಾರಲೆಂದೇ ಮಾಡಿದ ಪಾತ್ರೆಗಳ ಚೂರುಗಳೆಂದು ಹೇಳಿದರು. ಯಾವುದೋ ಬಂದರಿನಲ್ಲಿ ಇಳಿದು, ಎತ್ತಿನ ಮೇಲೆ ಹೇರಿಕೊಂಡು ನಮ್ಮ ಈ ಒಣನೆಲದ ತನಕ ಬಂದಿವೆ.

ನನ್ನ ಕೈಗೆ ಬಂದದ್ದು ತಳದ ಚೂರು. ತಿರುಗಿಸಿದೆ. ತಳದಂಚಿಗೆ ದಪ್ಪ ಮರಳು ಅಂಟಿಕೊಂಡಿತ್ತು. ಕಣ್ಣಿಗಿಂತ ಮೊದಲು ನನ್ನ ಬೆರಳು ಅದನ್ನು ಗುರುತಿಸಿತು. ಚಿಕ್ಕವಳಿದ್ದಾಗಿನಿಂದ ಅಂಥದೇ ಮರಳನ್ನು ನಾನು ಎಷ್ಟು ಸಲ ಉಗುರಿನಿಂದ ಕೆರೆದು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.

"ಮೇಡಂ, ಇಂಥದ್ದು ನಮ್ಮ ಮನಿಯಾಗ ಇಡೀದು ಅದ್ರಿ," ಎಂದೆ.

ಅವರು ಡಬ್ಬಿ ಮುಚ್ಚುವುದನ್ನು ಬಿಟ್ಟು ನನ್ನನ್ನೇ ನೋಡಿದರು.

ನಮ್ಮ ಮನೆ ಮಾತು ದಖನಿ. ಹೊರಗೆ ಹೋದರೆ ರಾಯಚೂರಿನ ಕನ್ನಡ. ಅಮ್ಮಿ, ಅಂದರೆ ನನ್ನ ತಾಯಿ, ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಅಬ್ಬಾ ತೀರಿಕೊಂಡ ಮೇಲೆ ಮಾನ್ವಿಯ ಆ ಮನೆಯಲ್ಲಿ ನಾನು ಮತ್ತು ಅಮ್ಮಿ ಇಬ್ಬರೇ. ಅಬ್ಬಾನ ತಾತ ಹಜ್‌ಗೆ ಹೋದಾಗ ಆ ತಾಟನ್ನು ಎದೆಗವಚಿಕೊಂಡು ತಂದನೆಂದೂ, ಅದರ ತಳಕ್ಕೆ ಅಂಟಿದ್ದು ಆ ಪವಿತ್ರ ನೆಲದ ಮರಳೆಂದೂ ನನ್ನ ದಾದಿ ಹೇಳುತ್ತಿದ್ದಳು. ದಾದಿ ಎಂದರೆ ಅಬ್ಬಾನ ತಾಯಿ.

ತಾಟು ರೊಟ್ಟಿ ಹಂಚಿಗಿಂತ ಅಗಲ. ಬಣ್ಣ ಅಪ್ಪಟ ಬಿಳಿಯಲ್ಲ, ಮಜ್ಜಿಗೆಯ ಬಿಳಿ. ಮೈತುಂಬ ಕೂದಲೆಳೆಯಂಥ ಬಿರುಕುಗಳು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ನಡುವೆ ಒಂದು ದೊಡ್ಡ ವೃತ್ತ, ಸುತ್ತ ನಾಲ್ಕು ಸಣ್ಣ ವೃತ್ತ. ಐದರ ಒಳಗೂ ನೀಲಿ ಬಣ್ಣದಲ್ಲಿ ಅರಬ್ಬಿ ಬರಹ. ಅದರ ಅರ್ಥ ಮನೆಯ ಎಲ್ಲರಿಗೂ ಬಾಯಿಪಾಠ: ನೀರು ಕೇಳಿದವರ ಹೆಸರು ಕೇಳಬೇಡ.

ಅದನ್ನು ಓದಿ ಹೇಳಿದ್ದು ಅಮ್ಮಿ; ಕನ್ನಡ ಶಾಲೆಗೆ ಹೋದ ನನಗೆ ಅರಬ್ಬಿ ಅಕ್ಷರ ಬರುವುದಿಲ್ಲ. ಅವಳು ಸೊಸೆಯಾಗಿ ಬರುವ ತನಕ ಆ ಮನೆಯ ಹೆಂಗಸರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಗಂಡಸರು ಅಂಗಡಿ ಸಂತೆ ಎಂದು ತಿರುಗುವವರು, ತಾಟನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಅಮ್ಮಿಗೆ ಅವಳಪ್ಪ ಆರನೆಯ ವಯಸ್ಸಿಗೆ ಕುರಾನ್ ಓದಲು ಕಲಿಸಿದ್ದ. ಅವಳು ಬಂದು ಓದಿ ಹೇಳಿದ ಮರುದಿನವೇ ದಾದಿ ಬಾಗಿಲಲ್ಲಿ ನೀರಿನ ಗಡಿಗೆ ಇಡಿಸಿದಳಂತೆ. ಅಲ್ಲಿಯವರೆಗೆ ಮನೆಯವರಿಗೆ ಜ್ವರ ಬಂದರೆ ಮಾತ್ರ ತಾಟಿನಲ್ಲಿ ನೀರು ಹಾಕಿ ಕುಡಿಸುತ್ತಿದ್ದರು. ಆಮೇಲೆ ಊರವರಿಗೂ ಕೊಟ್ಟರು. ಮಾತು ಹರಡಿತು. ಗುಂಜಹಳ್ಳಿಯಿಂದ, ದೇವದುರ್ಗದಿಂದ, ಅರಕೇರಾದಿಂದ ಜನ ಬಂದರು. ಬೆಚ್ಚಿಬಿದ್ದ ಕೂಸು, ಇಳಿಯದ ಜ್ವರ, ದಿನ ತುಂಬಿದ ಬಸುರಿ. ಯಾವ ಜಾತಿಯವರಾದರೂ ಸೈ. ನೀಲಿ ತಾಟಿನ ಮನಿ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಅಮ್ಮಿ ನೀರು ತುಂಬಿ, ತುಟಿಯಲ್ಲೇ ಏನೋ ಓದಿ ಊದಿ, ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದಳು. ಒಂದು ಬಿಡಿಗಾಸೂ ಮುಟ್ಟುತ್ತಿರಲಿಲ್ಲ. ಬಂದವರ ಹೆಸರು ಕೇಳುತ್ತಲೇ ಇರಲಿಲ್ಲ.

ಮುಂದಿನ ಭಾನುವಾರ ಮೇಡಂ ಮಾನ್ವಿಗೆ ಬಂದರು. ಅಮ್ಮಿ ಬೆಳಿಗ್ಗೆಯೇ ತಾಟನ್ನು ಹುಣಸೆಹಣ್ಣು ಸೋಕಿಸದೆ ಬರಿಯ ನೀರಿನಲ್ಲಿ ತೊಳೆದು, ಹಾಸಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟಿದ್ದಳು. ಮೇಡಂ ಕೈ ತೊಳೆದುಕೊಂಡು, ಬಳೆ ಉಂಗುರ ತೆಗೆದಿಟ್ಟು, ಎರಡೂ ಕೈಯಲ್ಲಿ ತಾಟನ್ನು ಎತ್ತಿದರು. ಮುಖ ಅರಳಿತು. ಮರಳನ್ನು ಮುಟ್ಟಿ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ನಡುವಿನ ವೃತ್ತದ ಬರಹದ ಮೇಲೆ ಕಣ್ಣಿಟ್ಟು ಬಹಳ ಹೊತ್ತು ಕೂತರು. ತಾಟನ್ನು ಸ್ವಲ್ಪ ತಿರುಗಿಸಿದರು. ಮತ್ತೆ ತಿರುಗಿಸಿದರು. ಹಳೆಯ ಶಾಸನಗಳಿಗಾಗಿ ಅರಬ್ಬಿ, ಪಾರ್ಸಿ ಎರಡನ್ನೂ ಕಲಿತವರೆಂದು ಶಿಬಿರದಲ್ಲೇ ಕೇಳಿದ್ದೆ.

"ಇದರಲ್ಲಿ ಏನು ಬರೆದಿದೆ ಅಂತ ನಿಮ್ಮ ಮನೆಯಲ್ಲಿ ಹೇಳ್ತಾರೆ?" ಎಂದು ಕೇಳಿದರು.

ನಾನು ಹೆಮ್ಮೆಯಿಂದ ಹೇಳಿದೆ.

"ಯಾರು ಓದಿದ್ದು?"

"ನಮ್ಮ ಅಮ್ಮಿ."

ಅಮ್ಮಿ ಆಗ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಅವಳ ಕಡೆ ನೋಡಿದೆವು. ಅವಳು ತಟ್ಟೆಯನ್ನು ಅಲ್ಲೇ ಸ್ಟೂಲಿನ ಮೇಲಿಟ್ಟು, "ಸಕ್ರಿ ಹಾಕೋದು ಮರ್ತೀನಿ," ಎಂದು ಒಳಗೆ ಹೋದಳು. ಸಕ್ಕರೆಯ ಬಟ್ಟಲು ಅದೇ ತಟ್ಟೆಯಲ್ಲೇ ಇತ್ತು. ಅವಳು ತಿರುಗಿ ಬರಲಿಲ್ಲ.

ಮೇಡಂ ದನಿ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ. ಇದನ್ನ ಓದೋದಕ್ಕೆ ಬರೋದಿಲ್ಲ."

"ಹಳೇ ಕಾಲದ ಬರವಣಿಗಿ ಇರಬೇಕ್ರಿ."

"ಹಾಗಲ್ಲ. ಇವು ಅಕ್ಷರಗಳೇ ಅಲ್ಲ. ಅಕ್ಷರದ ಥರ ಕಾಣೋ ಗೀಟುಗಳು."

ಅವರು ಬಿಡಿಸಿ ಹೇಳಿದರು. ಚೀನಾದ ದಕ್ಷಿಣ ಕರಾವಳಿಯ ಭಟ್ಟಿಗಳಲ್ಲಿ ಇಂಥ ತಾಟುಗಳನ್ನು ರಾಶಿ ರಾಶಿ ಮಾಡುತ್ತಿದ್ದರು. ಸಮುದ್ರದಾಚೆಯ ಮುಸಲ್ಮಾನ ಗಿರಾಕಿಗಳಿಗೆ ಅರಬ್ಬಿ ಬರಹ ಇದ್ದದ್ದು ಬೇಕಾಗಿತ್ತು. ಯಾರೋ ಒಬ್ಬ ವ್ಯಾಪಾರಿ ಒಂದು ಮಾದರಿ ಬರೆದುಕೊಟ್ಟಿರಬೇಕು. ಕುಂಚ ಹಿಡಿದವನಿಗೆ ಆ ಲಿಪಿ ಗೊತ್ತಿಲ್ಲ. ಅವನು ಕಂಡಂತೆ ಎಳೆದ, ಅವನದನ್ನು ನೋಡಿ ಇನ್ನೊಬ್ಬ ಎಳೆದ. ಕೆಲವು ತಾಟುಗಳಲ್ಲಿ ಓದಲು ಬರುತ್ತದೆ. ಇದರಲ್ಲಿ ಬರುವುದಿಲ್ಲ. ತಳದ ಮರಳು ಭಟ್ಟಿಯದು. ಸುಡುವಾಗ ಪಾತ್ರೆ ಕೆಳಗೆ ಅಂಟಿಕೊಳ್ಳದಿರಲೆಂದು ಹರಡುತ್ತಿದ್ದರು.

ನನಗೆ ಸಿಟ್ಟು ಬಂತು. ಮನೆಗೆ ಬಂದ ಅತಿಥಿ ಎಂಬುದನ್ನೂ ಮರೆತು ದನಿ ಏರಿಸಿದೆ. "ನಮ್ಮ ಅಮ್ಮಿ ಸುಳ್ಳು ಹೇಳಾಕಿ ಅಲ್ರಿ."

ಮೇಡಂ ವಾದ ಮಾಡಲಿಲ್ಲ. ಫೋನು ತೆಗೆದು ಒಂದೊಂದಾಗಿ ಚಿತ್ರ ತೋರಿಸಿದರು. ದೂರ ದೇಶದ ಯಾವುದೋ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ತಾಟು. ಇನ್ನೊಂದು ದೇಶದಲ್ಲಿ ನಮ್ಮ ತಾಟು. ಅದೇ ಐದು ವೃತ್ತ, ಅದೇ ಮಜ್ಜಿಗೆ ಬಣ್ಣ, ಅದೇ ಕೊಕ್ಕೆ ಕೊಕ್ಕೆಯ ನೀಲಿ. ನಾನು ಹುಟ್ಟಿದಾಗಿನಿಂದ ಇಡೀ ಜಗತ್ತಿನಲ್ಲಿ ಇದೊಂದೇ ಎಂದುಕೊಂಡಿದ್ದೆ. ಹಾಸಿಗೆಯ ಅಂಚಿನ ಮೇಲೆ ಕೂತುಬಿಟ್ಟೆ. ಮೇಡಂ ಅಳತೆ ತೆಗೆದುಕೊಂಡರು, ಫೋಟೋ ತೆಗೆದುಕೊಂಡರು. ಊಟ ಬೇಡವೆಂದು ಹೇಳಿ, ನನ್ನ ಭುಜ ಮುಟ್ಟಿ ಹೋದರು.

ಅಮ್ಮಿ ಹಿತ್ತಲಿನಲ್ಲಿದ್ದಳು. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಅದು ಹಿಂದಿನ ದಿನ ನಾನೇ ಹಸನು ಮಾಡಿಟ್ಟ ಬೇಳೆ.

"ಹೋದರಾ?" ಎಂದಳು.

"ಹೋದರು. ಅಮ್ಮಿ, ಅವರು ಏನಂದ್ರು ಗೊತ್ತೇನು?"

"ಕೇಳಸ್ತು. ಖರೇನೇ ಹೇಳ್ಯಾರ."

ನಾನು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತೆ.

"ನಾ ಬಂದ ಮೂರನೇ ದಿನ," ಎಂದಳು ಅಮ್ಮಿ, ಬೇಳೆಯಿಂದ ಕಣ್ಣು ತೆಗೆಯದೆ. "ನಿಮ್ಮ ದಾದಿ ಓಣಿ ಹೆಣ್ಮಕ್ಕಳನ್ನೆಲ್ಲ ಕರೆಸಿದ್ಲು. ಹೊಸ ಸೊಸಿ ತಾಟು ಓದ್ತಾಳ, ಬರ್ರಿ ಕೇಳೂಣು ಅಂತ. ಇಪ್ಪತ್ತು ಮಂದಿ ನನ್ನ ಸುತ್ತ ಕುಂತಾರ. ತಾಟು ನನ್ನ ತೊಡಿ ಮ್ಯಾಲ ಅದ. ನೋಡಿದ್ರ ಒಂದೂ ಅಕ್ಷರ ಅಲ್ಲ. ಓದಾಕ ಬರಂಗಿಲ್ಲ ಅಂದ್ರ ಏನಂತಾರ? ಅಪ್ಪ ಸುಳ್ಳ ಹೇಳಿ ಮಗಳನ್ನ ಕೊಟ್ಟಾನ ಅಂತಾರ. ನಮ್ಮಪ್ಪ ಬ್ಯಾರೆ ಏನೂ ಕೊಟ್ಟಿದ್ದಿಲ್ಲ, ನನ್ನ ಓದು ಒಂದೇ ಹೇಳಿಕೊಂಡಿದ್ದ."

"ಅದಕ್ಕ?"

"ಅದಕ್ಕ ಬಾಯಿಗೆ ಬಂದದ್ದು ಹೇಳಿದೆ."

"ಅದೇ ಮಾತು ಹ್ಯಾಂಗ ಬಂತು?"

ಅವಳು ಕೈ ನಿಲ್ಲಿಸಿದಳು. "ಹಿಂದಿನ ದಿನ ಬಿಸಲಾಗ ಒಬ್ಬಾಕಿ ಹೆಣ್ಮಗಳು ಬಾಗಲಿಗೆ ಬಂದು ನೀರು ಕೇಳಿದ್ಲು. ಹೊಲದ ಕೆಲಸದಾಕಿ. ಬಗಲಾಗ ಕೂಸು ಇತ್ತು. ನಿಮ್ಮ ದಾದಿ ಯಾರು, ಏನು, ಯಾವ ಕೇರಿ ಅಂತ ಹೆಸರು ಕೇಳಿದ್ಲು. ಆಕಿ ಹೇಳಿದ್ಲು. ನೀರಿಲ್ಲ ಮುಂದಕ್ಕ ಹೋಗು ಅಂದುಬಿಟ್ಲು. ನಾ ಒಳಗ ನಿಂತು ನೋಡಿದೆ. ಹೊಸ ಸೊಸಿ, ಏನನ್ನಬೇಕು? ಮರುದಿನ ತಾಟು ಕೈಯಾಗ ಕೊಟ್ಟಾಗ ನನ್ನ ಕಣ್ಮುಂದ ಆಕೀನೇ ಇದ್ಲು."

ನನ್ನ ಬಾಲ್ಯ ಪೂರ್ತಿ ಆ ಮಾತಿನ ಮೇಲೆ ನಿಂತಿತ್ತು. ತರಗತಿಯಲ್ಲಿ ಮಕ್ಕಳಿಗೆ ಅದನ್ನು ಹೇಳಿದ್ದೆ. ಅಬ್ಬಾ ಕೊನೆಯುಸಿರು ಎಳೆಯುವ ಮೊದಲು ಅದನ್ನು ಹೇಳಿ ನನ್ನ ಕೈ ಹಿಡಿದಿದ್ದ. ಅದು ಹದಿನೆಂಟು ವರ್ಷದ ಹೆದರಿದ ಹುಡುಗಿಯೊಬ್ಬಳ ಬಾಯಿಗೆ ಬಂದ ಮಾತೆಂದು ಐವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ.

"ಅಬ್ಬಾಗ ಹೇಳಿದ್ದೇನು?"

"ಇಲ್ಲ."

"ಛಲೋ ಮಾತು ಹೇಳಿದಿ ಅಮ್ಮಿ. ಅದರಿಂದ ಯಾರಿಗೇನು ಕೆಟ್ಟದ್ದಾತು?" ಎಂದೆ. ಸಮಾಧಾನಕ್ಕೆಂದು ಆಡಿದ ಮಾತು. ಅಮ್ಮಿ ಮೊರವನ್ನು ಪಕ್ಕಕ್ಕಿಟ್ಟಳು. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಅರಕೇರಾದ ಕೂಸು," ಎಂದಳು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಆಗ ನನಗೆ ಚಂದ್ರಬಂಡದ ಶಾಲೆಯಲ್ಲಿ ಕೆಲಸ; ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಅರಕೇರಾದ ಒಬ್ಬ ಹೆಣ್ಣುಮಗಳು ನಾಲ್ಕು ವರ್ಷದ ಮಗಳನ್ನು ಹೊತ್ತುಕೊಂಡು ಬಂದಿದ್ದಳಂತೆ. ಜ್ವರ ಏರಿ ಕೂಸಿನ ಕಣ್ಣು ಮೇಲಕ್ಕೆ ಹೋಗಿತ್ತು. ಅಮ್ಮಿ ಗಾಬರಿಯಾಗಿ ತಾಟಿನ ನೀರು ತುಟಿಗೆ ಸೋಕಿಸಿ, ತಾನೇ ಆಟೋ ಕರೆದು ದವಾಖಾನೆಗೆ ಓಡಿಸಿದಳು. ಅಲ್ಲಿಂದ ರಾಯಚೂರಿಗೆ ಕಳಿಸಿದರು. ರಾಯಚೂರು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ನಲವತ್ತು ದಿನ ಕಳೆದ ಮೇಲೆ ಆ ತಾಯಿ ಮತ್ತೆ ಬಂದು ಅಮ್ಮಿಯ ಎದುರು ಕೂತು ಅತ್ತು, ಆ ದಿನ ದಾರಿಯಲ್ಲಿ ನಡೆದದ್ದನ್ನು ಹೇಳಿದಳು. ಅರಕೇರಾದಿಂದ ಸಿರವಾರಕ್ಕೆ ಬಂದು ಇಳಿದಾಗ ರಾಯಚೂರಿನ ಬಸ್ಸು ಅಲ್ಲೇ ಹೊರಟು ನಿಂತಿತ್ತು. ದೊಡ್ಡ ದವಾಖಾನೆಗೆ ನೇರ ಹೋಗುವ ಬಸ್ಸು. ಅದನ್ನು ಬಿಟ್ಟು ಅವಳು ಮಾನ್ವಿ ಬಸ್ಸಿಗಾಗಿ ಕಾದಳು. ನೀಲಿ ತಾಟಿನ ನೀರು ಕುಡಿಸಿದರೆ ಸಾಕೆಂದು.

"ನನ್ನ ಮಾತು ಕೇಳೇ ಅಲ್ಲೇನು ಮಂದಿ ಬರಾಕ ಸುರು ಮಾಡಿದ್ದು?" ಎಂದಳು ಅಮ್ಮಿ.

ನನಗೆ ಆಗ ಒಂದು ವಿಷಯ ಹೊಳೆಯಿತು. ಆಗಿನಿಂದ ಇಷ್ಟು ವರ್ಷ ಅಮ್ಮಿ, ಯಾರೇ ನೀರಿಗೆ ಬಂದರೂ, "ದವಾಖಾನಿ ಚೀಟಿ ತೋರಸ್ರಿ," ಎನ್ನುತ್ತಿದ್ದಳು. ಚೀಟಿ ಇಲ್ಲದವರನ್ನು ಆಟೋ ಹತ್ತಿಸಿ ಕಳಿಸುತ್ತಿದ್ದಳು. ಅವಳ ತಿಳಿವಳಿಕೆ ದೊಡ್ಡದೆಂದು ನಾನು ಎಲ್ಲರ ಮುಂದೆ ಹೊಗಳುತ್ತಿದ್ದೆ.

ಆ ದಿನ ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ. ಬುಧವಾರ ಬೆಳಿಗ್ಗೆ ಅಮ್ಮಿ ಬುರ್ಖಾ ಹಾಕಿಕೊಂಡು ಹೊರಗೆ ನಿಂತಿದ್ದಳು. "ಅರಕೇರಾಕ ಹೋಗ್ತೀನಿ. ಆಕಿಗೆ ಹೇಳಬೇಕು."

"ಈಗ ಯಾಕ ಅಮ್ಮಿ? ಸತ್ತ ಕೂಸು ಹೊಳ್ಳಿ ಬರ್ತದೇನು? ಆಕಿ ಮನಸಿಗೆ ಮತ್ತ ನೋವು."

"ನೀ ಬರ್ತಿಯೋ, ನಾ ಒಬ್ಬಾಕಿನೇ ಹೋಗಲೋ?"

ರಜೆ ಹಾಕಿ ಜೊತೆಗೆ ಹೋದೆ. ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿದೆವು. ಸಿರವಾರದಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಅಲ್ಲಿ ರಾಯಚೂರಿನ ಬಸ್ಸೊಂದು ಎಂಜಿನ್ ಗುರುಗುಟ್ಟಿಸುತ್ತ ನಿಂತಿತ್ತು. ಅಮ್ಮಿ ಅದರ ಬೋರ್ಡನ್ನೇ ನೋಡುತ್ತ ನಿಂತುಬಿಟ್ಟಳು. ನಾನು ಕೈ ಹಿಡಿದು ಎಳೆದೆ.

ಅರಕೇರಾದಲ್ಲಿ ಇಳಿದ ಮೇಲೆ ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಅವಳ ಹೆಸರು ಅಮ್ಮಿಗೆ ಗೊತ್ತಿಲ್ಲ. ಬಸ್ ನಿಲ್ಲುವ ಕಡೆ ಒಗ್ಗರಣಿ ಮಿರ್ಚಿ ಮಾರುವ ಹೋಟೆಲಿನವನ ಹತ್ತಿರ ಹೋಗಿ ಗುರುತು ಹೇಳಿದೆ. ಹದಿನಾಲ್ಕು ವರ್ಷದ ಹಿಂದೆ ಜ್ವರದಲ್ಲಿ ಮಗಳನ್ನು ಕಳಕೊಂಡವಳು, ಮಾನ್ವಿಗೆ ಹೋಗಿ ಬರುತ್ತಿದ್ದಳು.

"ಓ, ಮಾನ್ವಿ ನೀರಿನಾಕೀನಾ!" ಎಂದ ಅವನು, ಜಾರಾ ಎಣ್ಣೆಯಲ್ಲೇ ಬಿಟ್ಟು. "ಹಂಗಂತ ಮೊದ್ಲೇ ಹೇಳಬಾರ್ದಾ ಅಕ್ಕಾ. ಇಡೀ ಊರಾಗ ಹಂಗೇ ಅಂತಾರ. ಆ ಬೇವಿನ ಗಿಡ ದಾಟಿ ಎರಡನೇ ಮನಿ."

ಅಮ್ಮಿ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟಳು. ಒಂದು ಲೋಟ ನೀರು ಕುಡಿಸಿ ಎಬ್ಬಿಸಬೇಕಾಯಿತು.

ಮನೆಯ ಮುಂದೆ ಅರಳೆ ಹರವಿತ್ತು. ಉಳಿದವರೆಲ್ಲ ಹತ್ತಿ ಬಿಡಿಸಲು ಹೋಗಿದ್ದರು, ಅವಳೊಬ್ಬಳೇ ಇದ್ದಳು. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಣ್ಣುಮಗಳು. ಅಮ್ಮಿಯನ್ನು ಕಂಡು ಅವಳ ಮುಖ ಹಿಗ್ಗಿದ ರೀತಿಯನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

"ಯವ್ವಾ! ನೀವಾ! ನೀವು ನಮ್ಮ ಮನಿಗಿ! ಬರ್ರಿ, ಬರ್ರಿ, ಒಳಗ ಬರ್ರಿ." ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಒಲೆ ಹತ್ತಿಸಲು ಓಡಿದಳು.

"ಚಾ ಬ್ಯಾಡ. ಕುಂದ್ರು. ನಿನ್ನ ಮುಂದ ಒಂದು ಮಾತು ಹೇಳಾಕ ಬಂದೀನಿ," ಎಂದಳು ಅಮ್ಮಿ.

ಅಮ್ಮಿ ಸುತ್ತುಬಳಸಿ ಹೇಳಲಿಲ್ಲ. ತಾಟಿನ ಮೇಲೆ ಇರುವುದು ಅಕ್ಷರವಲ್ಲ, ಯಾರೋ ಲಿಪಿ ತಿಳಿಯದವನು ಎಳೆದ ಗೀಟು. ಅದು ಮಾರಲು ಮಾಡಿದ ತಾಟು. ಹಜ್‌ನಿಂದ ಬಂದಿತೋ ಇಲ್ಲವೋ ತನಗೆ ಗೊತ್ತಿಲ್ಲ. ಓದಿದೆನೆಂದು ತಾನು ಹೇಳಿದ್ದು ಸುಳ್ಳು. ಆ ಸುಳ್ಳು ನಂಬಿಯೇ ನೀನು ಬಂದೆ.

ಅವಳು ಅಮ್ಮಿಯ ತುಟಿಗಳನ್ನೇ ನೋಡುತ್ತಿದ್ದಳು, ಬೇರೆ ಭಾಷೆ ಕೇಳುವವಳ ಹಾಗೆ.

"ಹಂಗಾರ ಆ ನೀರು?"

"ನೀರು ಬರೇ ನೀರು."

"ಹಂಗಾರ ನಾ ತಡಾ ಮಾಡಿದ್ದಕ್ಕಲ್ಲೇನು?"

ಅಮ್ಮಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವಳು ಎರಡೂ ಕೈಯಿಂದ ತನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ಅವತ್ತ ಮುಂಜಾನಿ ಎಮ್ಮಿ ಹಾಲು ಹಿಂಡಿ ಹೋಗಾಣಂತ ನಿಂತೆ ಯವ್ವಾ. ಎಮ್ಮಿ ತೊರಿ ಬಿಡ್ಲಿಲ್ಲ. ಒಂದು ತಾಸು ಹೋತು. ನನ್ನ ಗಂಡ, ನಮ್ಮತ್ತಿ, ಎಲ್ಲಾರೂ ಅದೇ ಅಂದ್ರು. ಒಂದು ತಾಸು ಮೊದ್ಲು ಮಾನ್ವಿ ಮುಟ್ಟಿದ್ರ ನೀರು ಹತ್ತತಿತ್ತು, ನೀ ಹಾಲಿನ ಆಸೆಕ್ಕ ಕೂಸಿನ ಕಳದಿ ಅಂದ್ರು. ನಮ್ಮತ್ತಿ ಸಾಯೋತನಾ ಅಂದ್ಲು. ಆವತ್ತಿಂದ ನಾ ಹಾಲು ಮುಟ್ಟಿಲ್ಲ. ಎಮ್ಮಿ ಮಾರಿಸಿಬಿಟ್ಟೆ."

ಅಷ್ಟಕ್ಕೇ ನಿಲ್ಲಿಸಲಿ ಎಂದು ನಾನು ಅಮ್ಮಿಯ ಮೊಣಕೈ ಒತ್ತಿದೆ. ಅವಳು ನಿಲ್ಲಿಸಲಿಲ್ಲ.

"ಎಮ್ಮಿದಲ್ಲ ತಾಯಿ. ಸಿರವಾರದಾಗ ರಾಯಚೂರ ಬಸ್ಸು ನಿಂತಿತ್ತಂತ ನೀನೇ ಹೇಳಿದ್ದಿ. ಅದನ್ನ ಹತ್ತಿದ್ರ, ಏನೋ, ಉಳೀತಿತ್ತೋ ಏನೋ. ನೀ ಹತ್ತಲಿಲ್ಲ ಅಂದ್ರ ನನ್ನ ತಾಟಿನ ಸಲುವಾಗಿ ಹತ್ತಲಿಲ್ಲ."

ಹೊರಗೆ ಯಾವುದೋ ಟ್ರ್ಯಾಕ್ಟರು ಹಾದುಹೋಯಿತು. ಅವಳ ಮುಖದಲ್ಲಿ ಒಂದೊಂದೇ ವರ್ಷ ಕದಲುತ್ತಿರುವಂತೆ ನನಗೆ ಕಂಡಿತು. ಅಳುತ್ತಾಳೆ ಎಂದುಕೊಂಡೆ. ಅವಳು ಎದ್ದುನಿಂತಳು.

"ಹೋಗ್ರಿ," ಎಂದಳು.

"ತಾಯಿ..."

"ಎದ್ದು ಹೋಗ್ರಿ ಅಂದೆ. ಇಷ್ಟು ವರ್ಷ ನಿಮಗ ಗೊತ್ತಿತ್ತು. ನಾ ನಿಮ್ಮ ಮುಂದ ಕುಂತು ಅತ್ತಾಗ ಗೊತ್ತಿತ್ತು. ನನ್ನ ತಲಿ ಮ್ಯಾಲ ಕೈ ಆಡಿಸಿ ಸುಮ್ನ ಕಳಿಸಿದ್ರಿ. ಹೋಗ್ರಿ."

ನಾವು ಹೊರಗೆ ಬಂದೆವು. ಅಮ್ಮಿಯ ಚಪ್ಪಲಿ ಉಲ್ಟಾ ಪಲ್ಟಾ ಆಗಿತ್ತು, ಹಾಗೇ ಹಾಕಿಕೊಂಡು ನಡೆದಳು. ಬೇವಿನ ಗಿಡದ ತನಕ ನಾನು ತಿರುಗಿ ನೋಡಲಿಲ್ಲ. ಅಮ್ಮಿಯ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಅವಳು ಎಡವಿದಾಗಲೂ ಕೈ ಕೊಡಲಿಲ್ಲ. ಸತ್ಯ ಹೇಳಿ ಹಗುರಾಗಲು ಬಂದಳು, ಇನ್ನೊಬ್ಬಳ ಮನೆಗೆ ಕಲ್ಲು ಹಾಕಿ ಹೊರಟಳು ಎನಿಸಿತು. ಅಮ್ಮಿ ಮಾತ್ರ ಹಗುರಾದವಳಂತೆ ಕಾಣಲಿಲ್ಲ.

ಬಸ್ಸು ಬರಲು ಒಂದು ತಾಸಾದರೂ ಬೇಕಿತ್ತು. ಬಿಸಿಲಿನಲ್ಲಿ ಕಾದೆವು. ಅರ್ಧ ತಾಸಿನ ಮೇಲೆ ಅವಳು ಬರುವುದು ಕಾಣಿಸಿತು. ಸೆರಗು ಜಾರಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಹೊಡೆಯಲು ಬಂದಳೆಂದೇ ತಿಳಿದು ನಾನು ಅಮ್ಮಿಯ ಮುಂದೆ ನಿಂತೆ. ಅವಳು ನನ್ನನ್ನು ದಾಟಿ ಅಮ್ಮಿಯ ಎದುರು ಹೋದಳು.

"ಅವತ್ತ ನೀರು ಕುಡಿಸಾ ಮುಂದ ಬಾಯಾಗ ಏನೋ ಓದಿದ್ರೆಲ್ಲ. ಅದೂ ಸುಳ್ಳಾ?"

"ಅದಲ್ಲ. ಅದು ದೇವರ ಮಾತು. ನಮ್ಮಪ್ಪ ಕಲಸಿದ್ದು. ಅದನ್ನ ನಾ ಮನಸಿಟ್ಟು ಓದೀನಿ."

ಅವಳು ನಮ್ಮ ಜೊತೆಯಲ್ಲೇ ನಿಂತಳು. ಮಿರ್ಚಿ ಹೋಟೆಲಿನವನು ಏನೋ ಕೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಬಾಣಲೆಯ ಕಡೆ ತಿರುಗಿದ. ಬಸ್ಸು ಬಂದಾಗ ಅವಳು ಅಮ್ಮಿಯ ಮೊಣಕೈ ಹಿಡಿದು ಹತ್ತಿಸಿದಳು. ಕಂಡಕ್ಟರಿಗೆ, "ಮುದುಕಿ ಅದಾಳ, ಸೀಟು ಕೊಡಿಸಪ್ಪಾ," ಎಂದಳು. ಬಸ್ಸು ಹೊರಟಾಗ ನಮ್ಮ ಕಡೆ ನೋಡಲಿಲ್ಲ.

ಅದಾದ ಮೇಲೆ ಅಮ್ಮಿ ತಾಟಿನಲ್ಲಿ ನೀರು ಹಾಕುವುದನ್ನು ನಿಲ್ಲಿಸಿದಳು. ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ನಿಜ ಹೇಳಿದಳು. ಗುಂಜಹಳ್ಳಿಯ ಒಬ್ಬ ಮುದುಕ, "ಇಷ್ಟು ದಿನ ನಮಗ ಮೋಸ ಮಾಡಿದ್ರೇನು?" ಎಂದು ರಸ್ತೆಯಲ್ಲಿ ನಿಂತು ಕೂಗಾಡಿದ. ಅಮ್ಮಿ ಹೌದೆಂದಳು. ಕೆಲವರು, ಅದೆಲ್ಲ ಇರಲಿ, ನೀವು ಓದಿ ಊದಿ ಕೊಡ್ರಿ ಎಂದು ಹಟ ಹಿಡಿದರು. ಅವರಿಗೆ ಸ್ಟೀಲು ಲೋಟದಲ್ಲಿ ಕೊಟ್ಟಳು, ದವಾಖಾನೆ ಚೀಟಿ ನೋಡಿಯೇ ಕೊಟ್ಟಳು. ಬರುವವರು ಕಡಿಮೆಯಾದರು. ಓಣಿಯಲ್ಲಿ ಕೆಲವರು ನಮ್ಮೊಡನೆ ಮಾತು ಬಿಟ್ಟರು. ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ ನನ್ನೆದುರೇ ನಕ್ಕ. ನಾನು ಅಮ್ಮಿಯ ಜೊತೆ ಹತ್ತು ಹನ್ನೆರಡು ದಿನ ಬೇಕಾದಷ್ಟೇ ಮಾತಾಡಿದೆ. ಆಮೇಲೆ ಒಂದು ದಿನ ಅವಳಿಗೆ ಜ್ವರ ಬಂತು, ಮಾತು ತಾನಾಗಿ ಸರಿಹೋಯಿತು.

ಮೇಡಂ ಫೋನು ಮಾಡಿದಾಗ ನಡೆದದ್ದೆಲ್ಲ ಹೇಳಿದೆ. "ನಾನು ಬರಬಾರದಿತ್ತೇನೋ," ಎಂದರು. ಹಾಗೇನಿಲ್ಲ ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ. ತಾಟನ್ನು ನನ್ನ ಹಳೆಯ ದುಪಟ್ಟಾದಲ್ಲಿ ಸುತ್ತಿ ಅಲಮಾರಿನಲ್ಲಿ ಇಟ್ಟೆವು.

ಐದು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅರಕೇರಾದ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಳು. ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಮಾನ್ವಿ ಬಳಸಿ ಊರಿಗೆ ಹೊರಟಿದ್ದಳು. ಅಮ್ಮಿ ಏಳಲಾರದೆ ಗೋಡೆ ಹಿಡಿದು ಎದ್ದಳು.

"ಆ ತಾಟು ಅದ ಏನು?" ಎಂದಳು ಅವಳು. "ಒಮ್ಮಿ ನೋಡ್ತೀನಿ. ಅವತ್ತ ಕೂಸಿನ ಮುಖ ನೋಡಿಕೋತ ಕುಂತಿದ್ದೆ, ತಾಟು ನೋಡೇ ಇಲ್ಲ."

ನಾನು ತಂದು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಕನ್ನಡಕ ತೆಗೆದಳು. ಹೊಸದಾಗಿ ಬಂದ ಕಣ್ಣಿನಿಂದ ಬಗ್ಗಿ ಬಗ್ಗಿ ನೋಡಿದಳು. ಹತ್ತಿ ಬಿಡಿಸಿ ಒರಟಾದ ಬೆರಳಿನಿಂದ ನಡುವಿನ ವೃತ್ತದ ಗೀಟುಗಳ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದಳು.

"ಇದನ್ನ ಬರದಾಂವ ಯಾಂವ?"

"ಚೀನಾದಾಗ ಯಾವನೋ ಕುಂಬಾರ. ಬಾಳ ಹಿಂದ," ಎಂದೆ.

"ಅಂವಗ ಅಕ್ಷರ ಬರ್ತಿದ್ದಿಲ್ಲ?"

"ಈ ಅಕ್ಷರ ಬರ್ತಿದ್ದಿಲ್ಲ."

"ಪಾಪ," ಎಂದಳು ಅವಳು. "ಎಷ್ಟು ಕಾಳಜೀಲೆ ಬರದಾನ ನೋಡು. ನಂಗೂ ಸಹಿ ಮಾಡಂತ ಕೊಟ್ರ ಹಿಂಗೇ ಬರೀತೀನಿ. ಎದುರಿನವ್ರು ಬರದದ್ದು ನೋಡಿ ನೋಡಿ, ಕೈ ನಡಗಿಸಿಕೋತ."

ಅಮ್ಮಿ ಅವಳ ಪಕ್ಕದಲ್ಲಿ ಕೂತಳು. ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ ಇತ್ತು. ಅವಳು ಎರಡು ರೊಟ್ಟಿ ಉಂಡಳು. ನಾನು ಚಹಾಕ್ಕೆ ಹಾಲು ಹಾಕಲೋ ಬೇಡವೋ ಎಂದು ಅಡುಗೆಮನೆಯಿಂದ ಕೇಳಿದೆ. "ಬರೇ ಚಾ ಕೊಡು ಯವ್ವಾ," ಎಂದಳು. ಬರಿ ಚಹಾ ಕುಡಿದು, ಕನ್ನಡಕ ಹಾಕಿಕೊಂಡು ಮೂರು ಗಂಟೆಯ ಬಸ್ಸಿಗೆ ಹೊರಟಳು. ಅಮ್ಮಿಯನ್ನು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.